ಮೊದಲು ಬಾಕಿ ನೋಡಿ, ಆಮೇಲೆ ಬಾಯಿ ತೆರೆಯಿರಿ
ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪೋಕರ್‌ನಲ್ಲಿ ಕಟ್ಟುವ ಬಗೆ

ಹೊಸತೊಡಕು ಕಳೆದ ಮೇಲೆ ಬಂದ ಪತ್ರಗಳಲ್ಲಿ ಇಸ್ಪೀಟಿನದೇ ಪಾಲು ಹೆಚ್ಚು. ಮೂರೆಲೆ, ರಮ್ಮಿ, ಇಪ್ಪತ್ತೆಂಟು ಆಡಿ ಗೊತ್ತಿದ್ದ ಮನೆಗಳಿಗೆ ಈಗ ಬೆಂಗಳೂರಿನಿಂದ ರಜೆಗೆ ಬರುವ ಹುಡುಗರ ಜೊತೆ ಪೋಕರ್ ಬಂದಿದೆ. ಯಾವ ಎಲೆ ಮೇಲು, ಯಾವುದು ಕೀಳು ಅನ್ನುವುದು ಒಂದು ಸಂಜೆಯಲ್ಲಿ ಬಾಯಿಪಾಠ ಆಗುತ್ತದೆ. ತಕರಾರು ಏಳುವುದು ಕಟ್ಟುವ ಮಾತಿನಲ್ಲಿ. ಆದ್ದರಿಂದ ಈ ಸಲ ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಆರಿಸಿದ್ದೇವೆ. ಉತ್ತರಗಳೆಲ್ಲ ಎಲ್ಲೆಡೆ ಹೆಚ್ಚು ಆಡುವ ಟೆಕ್ಸಾಸ್ ಹೋಲ್ಡೆಮ್‌ಗೆ ಹೊಂದುವಂತಿವೆ: ಒಬ್ಬೊಬ್ಬರ ಕೈಗೆ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಲೆಕ್ಕ ರೂಪಾಯಿಯಲ್ಲಿಲ್ಲ, ಹುಣಸೆಬೀಜದಲ್ಲಿದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಚೆಕ್, ಬೆಟ್, ಕಾಲ್, ರೈಸ್, ಫೋಲ್ಡ್: ಈ ಐದರಲ್ಲಿ ಯಾವುದನ್ನು ಯಾವಾಗ ಹೇಳಬೇಕು ಅನ್ನುವುದೇ ತಿಳಿಯುತ್ತಿಲ್ಲ. ನಾನು ‘ಚೆಕ್’ ಅಂದರೆ ‘ಈಗ ಆಗಲ್ಲ ಅತ್ತೆ’ ಅನ್ನುತ್ತಾರೆ. ‘ಕಾಲ್’ ಅಂದರೆ ‘ಏನನ್ನ ಕಾಲ್ ಮಾಡ್ತೀರಿ?’ ಅಂತ ನಗುತ್ತಾರೆ.
— ಓದುಗರು, ಕುವೆಂಪುನಗರ, ಮೈಸೂರು

ಐದನ್ನೂ ಒಟ್ಟಿಗೆ ನೆನಪಿಡಲು ಹೋಗಬೇಡಿ. ಸರದಿ ಬಂದಾಗ ಒಂದೇ ಲೆಕ್ಕ ಹಾಕಿ. ಈ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಹಾಕಿದವರು ಎಷ್ಟು ಹಾಕಿದ್ದಾರೆ? ನಾನು ಎಷ್ಟು ಹಾಕಿದ್ದೇನೆ? ಇವೆರಡರ ನಡುವಿನ ಅಂತರವೇ ನಿಮ್ಮ ಬಾಕಿ. ಕಿರಾಣಿ ಅಂಗಡಿಯ ಪುಸ್ತಕದಲ್ಲಿ ಇರುತ್ತದಲ್ಲ, ಅದೇ ಬಾಕಿ.

ಬಾಕಿ ಸೊನ್ನೆಯಾಗಿದ್ದರೆ ನಿಮ್ಮ ಮುಂದೆ ಎರಡು ದಾರಿ. ಏನೂ ಹಾಕದೆ ಸರದಿ ದಾಟಿಸಿದರೆ ಚೆಕ್. ಸುತ್ತಿನಲ್ಲಿ ಮೊದಲಿಗರಾಗಿ ನೀವೇ ಕಟ್ಟಿದರೆ ಬೆಟ್. ಬಾಕಿ ಇದ್ದರೆ ಚೆಕ್ ಅನ್ನುವ ಮಾತೇ ಇಲ್ಲ. ಆಗ ಎಲೆ ಬಿಟ್ಟು ಹೊರಗುಳಿದರೆ ಫೋಲ್ಡ್, ಬಾಕಿಯಷ್ಟೇ ಹಾಕಿ ಸರಿದೂಗಿಸಿದರೆ ಕಾಲ್, ಬಾಕಿ ತೀರಿಸಿ ಅದರ ಮೇಲೆ ಇನ್ನಷ್ಟು ಹಾಕಿ ಉಳಿದವರನ್ನು ಬಾಕಿಗೆ ಬೀಳಿಸಿದರೆ ರೈಸ್. ನೀವು ಚೆಕ್ ಅಂದಾಗ ನಿಮ್ಮ ಮೇಲೆ ಬಾಕಿ ಇತ್ತು, ಕಾಲ್ ಅಂದಾಗ ಇರಲಿಲ್ಲ. ಆಗಿದ್ದು ಇಷ್ಟೇ.

ಒಂದು ಆಟವನ್ನು ಬಿಡಿಸಿ ನೋಡೋಣ. ಎಲೆ ಹಂಚುವ ಜಾಗದಲ್ಲಿ ಅಣ್ಣ. ಅವರ ಎಡಕ್ಕೆ ಕ್ರಮವಾಗಿ ಅಕ್ಕ, ಬಾವ, ಚಿಕ್ಕಪ್ಪ, ನೀವು. ಆಟ ಗಡಿಯಾರದ ಮುಳ್ಳಿನಂತೆ ಎಡಕ್ಕೇ ಸಾಗುತ್ತದೆ. ಇಪ್ಪತ್ತೆಂಟು ಆಡಿ ಬಲಕ್ಕೆ ತಿರುಗುವುದು ರೂಢಿಯಾದವರು ಮೊದಮೊದಲು ಇಲ್ಲಿ ಎಡವುತ್ತಾರೆ. ಎಲೆ ಹಂಚುವ ಮೊದಲೇ ಅಕ್ಕ 1 ಬೀಜ, ಬಾವ 2 ಬೀಜ ಕಡ್ಡಾಯವಾಗಿ ಇಟ್ಟಿದ್ದಾರೆ. ಇವೇ ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್.

ಎಲ್ಲರ ಕೈಗೂ ಎರಡೆರಡು ಎಲೆ ಬಂದ ಮೇಲೆ ಮೊದಲ ಮಾತು ಚಿಕ್ಕಪ್ಪನದು. ಅವರ ಬಾಕಿ 2, ಕಾಲ್ ಮಾಡಿದರು. ನಿಮ್ಮ ಬಾಕಿಯೂ 2, ನೀವು 6ಕ್ಕೆ ಏರಿಸಿದಿರಿ. ಅಣ್ಣ ಫೋಲ್ಡ್. ಅಕ್ಕ ಆಗಲೇ 1 ಇಟ್ಟಿರುವುದರಿಂದ ಅವರ ಬಾಕಿ 5. ಅವರೂ ಎಲೆ ಬಿಟ್ಟರು. ಆ 1 ವಾಪಸ್ ಬರುವುದಿಲ್ಲ. ಬಾವನ ಬಾಕಿ 4, ಚಿಕ್ಕಪ್ಪನ ಬಾಕಿಯೂ 4, ಇಬ್ಬರೂ ಕಾಲ್ ಮಾಡಿದರು. ಈಗ ಉಳಿದ ಮೂವರೂ ತಲಾ 6 ಹಾಕಿದ್ದಾರೆ, ಯಾರ ಮೇಲೂ ಬಾಕಿ ಇಲ್ಲ. ಸುತ್ತು ಮುಗಿಯಿತು, ನಿಮಗೆ ಮತ್ತೆ ಸರದಿ ಬರುವುದಿಲ್ಲ. ನಡುವಿನ ರಾಶಿ 19.

ಫ್ಲಾಪ್, ಅಂದರೆ ನಡುವೆ ಮೂರು ಎಲೆ ತೆರೆದರು. ಇನ್ನು ಮುಂದೆ ಎಲೆ ಹಂಚುವವರ ಎಡಗಡೆ ಆಟದಲ್ಲಿ ಉಳಿದಿರುವ ಮೊದಲಿಗರಿಂದ ಮಾತು ಶುರು. ಅಕ್ಕ ಹೋಗಿದ್ದಾರೆ, ಹಾಗಾಗಿ ಬಾವ. ಹೊಸ ಸುತ್ತು ಅಂದರೆ ಎಲ್ಲರ ಬಾಕಿಯೂ ಸೊನ್ನೆ. ಬಾವ ಚೆಕ್, ಚಿಕ್ಕಪ್ಪ ಚೆಕ್. ನೀವು 10 ಕಟ್ಟಿದಿರಿ. ಬಾವ ಬಿಟ್ಟರು, ಚಿಕ್ಕಪ್ಪ 10 ಹಾಕಿದರು. ರಾಶಿ 39. ನಾಲ್ಕನೆಯ ಎಲೆ ಟರ್ನ್ ಬಂದಾಗ ಇಬ್ಬರೂ ಚೆಕ್. ಐದನೆಯದು ರಿವರ್. ಅಲ್ಲಿ ಚಿಕ್ಕಪ್ಪ 20 ಕಟ್ಟಿದರು, ನೀವು ಬಿಟ್ಟಿರಿ. ತಮ್ಮ 20 ಸೇರಿ 59 ಬೀಜ ಅವರು ಬಾಚಿಕೊಂಡರು. ಎಲೆ ತೋರಿಸುವ ಹಂಗು ಅವರಿಗಿಲ್ಲ. ‘ತೋರ್ಸು ಚಿಕ್ಕಪ್ಪ’ ಅಂತ ಕಾಡಬೇಡಿ; ನೋಡಬೇಕೆಂದಿದ್ದರೆ 20 ಹಾಕಬೇಕಿತ್ತು.

ಇನ್ನೆರಡು ಮಾತು. ಚೆಕ್ ಅನ್ನುವ ಬದಲು ಬೆರಳಿನಿಂದ ಮೇಜು ತಟ್ಟುವ ವಾಡಿಕೆ ಇದೆ. ಯೋಚನೆಯಲ್ಲಿ ಬೆರಳು ಕುಟ್ಟುವ ಅಭ್ಯಾಸದವರು ಹುಷಾರು, ನಿಮ್ಮ ಸರದಿಯಲ್ಲಿ ತಟ್ಟಿದರೆ ಅದು ಚೆಕ್. ಎರಡನೆಯದು, ಬಾಕಿ ಸೊನ್ನೆ ಇರುವಾಗ ಎಲೆ ಬಿಡಬೇಡಿ. ಎಲೆ ಎಷ್ಟೇ ಕೆಟ್ಟದಾಗಿರಲಿ, ಪುಕ್ಕಟೆ ಇನ್ನೊಂದು ಎಲೆ ನೋಡುವ ಅವಕಾಶ ಕಳೆದುಕೊಂಡಂತೆ. ಹೊಸಬರಲ್ಲಿ ಹಲವರು ಇದನ್ನೇ ಮಾಡುವುದು.

ನಮ್ಮಲ್ಲಿ ಮೂರೆಲೆಯಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಪೋಕರ್‌ನಲ್ಲೂ ಅದೇನಾ? ಅಲ್ಲಿನ ಹಾಗೆ ಇಲ್ಲೂ ಸರದಿ ಬಂದಾಗಲೆಲ್ಲ ಚಾಲ್ ಹಾಕುತ್ತಲೇ ಇರಬೇಕಾ?
— ಓದುಗರು, ಮದ್ದೂರು

ಎರಡಕ್ಕೂ ಅಲ್ಲ ಅಂತಲೇ ಉತ್ತರ. ಮೂರೆಲೆ ಬಲ್ಲವರು ಪೋಕರ್‌ಗೆ ಬಂದಾಗ ಹೆಚ್ಚು ತಪ್ಪುವುದು ಇಲ್ಲೇ.

ಮೂರೆಲೆಯಲ್ಲಿ ಮೊದಲು ಎಲ್ಲರೂ ಬೂಟ್, ಅಂದರೆ ಆಟಕ್ಕೆ ಮುಂಚಿನ ಕಡ್ಡಾಯದ ದುಡ್ಡು, ಹಾಕುತ್ತಾರೆ. ಆಮೇಲೆ ಪ್ರತಿ ಸರದಿಗೂ ಹೊಸದಾಗಿ ಕಟ್ಟಬೇಕು, ಇಲ್ಲದಿದ್ದರೆ ಪ್ಯಾಕ್, ಅಂದರೆ ಎಲೆ ಬಿಡಬೇಕು. ಎಲೆ ನೋಡಿದವರು ನೋಡದವರ ಎರಡರಷ್ಟಾದರೂ ಹಾಕಬೇಕು. ಕೊನೆಗೆ ಇಬ್ಬರೇ ಉಳಿದು ಒಬ್ಬರು ದುಡ್ಡು ಕೊಟ್ಟು ಶೋ ಕೇಳುವ ತನಕ ಇದು ಸುತ್ತುತ್ತಲೇ ಇರುತ್ತದೆ. ಅಲ್ಲಿ ‘ಸರಿಸಮ’ ಆಗುವ ಘಟ್ಟವೇ ಇಲ್ಲ. ಪೋಕರ್ ನಿಂತಿರುವುದೇ ಸರಿಸಮದ ಮೇಲೆ. ಬಾಕಿ ತೀರಿದರೆ ಸುತ್ತು ಮುಗಿಯಿತು, ಮುಂದಿನ ಎಲೆ ತೆರೆಯಬೇಕು. ಒಟ್ಟು ನಾಲ್ಕೇ ಸುತ್ತು: ಕೈಯೆಲೆ ಬಂದ ಮೇಲೆ ಒಂದು, ಫ್ಲಾಪ್, ಟರ್ನ್, ರಿವರ್ ಆದ ಮೇಲೆ ಒಂದೊಂದು. ನಡುವೆ ಪಕ್ಕದವರ ಜೊತೆ ಎಲೆ ಹೋಲಿಸುವ ಸೈಡ್ ಶೋ ಇಲ್ಲ. ದುಡ್ಡು ಕೊಟ್ಟು ಶೋ ಕೇಳುವುದೂ ಇಲ್ಲ. ಕೊನೆಯ ಸುತ್ತಿನ ಬಾಕಿ ತೀರಿದರೆ ಶೋ ತಾನಾಗಿಯೇ ಬರುತ್ತದೆ.

ಬ್ಲೈಂಡ್ ಅನ್ನುವ ಹೆಸರು ಇಲ್ಲಿ ಆ ಕಡ್ಡಾಯದ 1 ಮತ್ತು 2 ಬೀಜಕ್ಕೆ. ಎಲೆ ನೋಡುವ ಮೊದಲೇ ಇಡುವುದರಿಂದ ಆ ಹೆಸರು. ಎಲೆ ಬಂದ ಮೇಲೆ ಎಲ್ಲರೂ ನೋಡಿಕೊಂಡೇ ಆಡುತ್ತಾರೆ. ಎಲ್ಲರ ಬದಲು ಇಬ್ಬರೇ ಇಡುತ್ತಾರೆ, ಆಟ ಮುಗಿದಂತೆ ಹಂಚುವ ಜಾಗ ಎಡಕ್ಕೆ ಒಂದೊಂದೇ ಸರಿಯುವುದರಿಂದ ಹೊರೆ ಎಲ್ಲರಿಗೂ ಸಮನಾಗುತ್ತದೆ.

ದೊಡ್ಡ ಬ್ಲೈಂಡ್ ಇಟ್ಟವರಿಗೆ ಒಂದು ವಿಶೇಷವಿದೆ. ಮೊದಲ ಸುತ್ತಿನಲ್ಲಿ ಯಾರೂ ಏರಿಸದೆ ಎಲ್ಲರೂ ಬರೀ 2 ಹಾಕಿ ಕಾಲ್ ಮಾಡಿದರೆಂದುಕೊಳ್ಳಿ. ದೊಡ್ಡ ಬ್ಲೈಂಡಿನವರ ಬಾಕಿ ಸೊನ್ನೆ. ಆದರೂ ಸುತ್ತು ಮುಗಿದಿಲ್ಲ, ಏಕೆಂದರೆ ಅವರಿನ್ನೂ ಬಾಯಿ ಬಿಟ್ಟಿಲ್ಲ. ಅವರು ಚೆಕ್ ಅನ್ನಬಹುದು, ಏರಿಸಲೂಬಹುದು. ಹಂಚುವವರು ಅವಸರದಲ್ಲಿ ಅವರನ್ನು ಕೇಳದೆ ಫ್ಲಾಪ್ ತೆರೆದುಬಿಡುವುದು ಮನೆಯಾಟದ ಮಾಮೂಲಿ ಎಡವಟ್ಟು.

ಬೆಲ್ಲದ ಹರಾಜಿನಲ್ಲಿ ಒಂದು ರೂಪಾಯಿ ಮೇಲೆ ಕೂಗಿದರೂ ಕೂಗೇ. ಪೋಕರ್‌ನಲ್ಲಿ ‘ಇಷ್ಟು ಸಾಲದು, ಇನ್ನೂ ಏರಿಸು’ ಅನ್ನುತ್ತಾರಲ್ಲ, ಆ ‘ಇಷ್ಟು’ ಎಷ್ಟು?
— ಓದುಗರು, ಪಾಂಡವಪುರ

ಮೊದಲ ಬೆಟ್ ದೊಡ್ಡ ಬ್ಲೈಂಡ್‌ಗಿಂತ ಕಡಿಮೆ ಇರುವಂತಿಲ್ಲ. ಏರಿಸುವಾಗ, ನಿಮಗಿಂತ ಹಿಂದೆ ಎಷ್ಟು ಏರಿತ್ತೋ ಕನಿಷ್ಠ ಅಷ್ಟಾದರೂ ನೀವು ಏರಿಸಬೇಕು. ಗಮನಿಸಿ: ಹಿಂದಿನವರು ಹಾಕಿದ ಮೊತ್ತ ಅಲ್ಲ, ಅವರು ಏರಿಸಿದ ಅಂತರ.

ಬ್ಲೈಂಡ್ 2. ಒಬ್ಬರು 6ಕ್ಕೆ ಏರಿಸಿದರು, ಅಂತರ 4. ಮುಂದಿನವರು ಕನಿಷ್ಠ 10ಕ್ಕೆ ಏರಿಸಬೇಕು. ಅವರು 10ರ ಬದಲು 16ಕ್ಕೆ ಏರಿಸಿದರೆ ಅಂತರ 10. ಅದರ ಮುಂದಿನವರಿಗೆ ಕನಿಷ್ಠ 26. ‘ಹಿಂದಿನದರ ಎರಡರಷ್ಟು’ ಅಂತ ಹೇಳಿಕೊಡುವವರಿದ್ದಾರೆ. ಬೆಟ್ ಮೇಲಿನ ಮೊದಲ ರೈಸ್‌ಗೆ ಅದು ಸರಿಹೋಗುತ್ತದೆ, ಎರಡನೆಯದಕ್ಕೆ ತಪ್ಪುತ್ತದೆ. 16ರ ಎರಡರಷ್ಟು 32, ಆದರೆ ನಿಯಮ ಕೇಳುವುದು 26 ಮಾತ್ರ.

ಈ ನಿಯಮ ಇಲ್ಲದಿದ್ದರೆ ಇಬ್ಬರು ಗೆಳೆಯರು ಸೇರಿ ಒಂದೊಂದೇ ಬೀಜ ಏರಿಸುತ್ತ ನಡುವೆ ಸಿಕ್ಕಿಕೊಂಡವರನ್ನು ಸಂಜೆಯವರೆಗೆ ಸತಾಯಿಸಬಹುದಿತ್ತು. ಹರಾಜಿನಲ್ಲಿ ಕೂಗಿದ್ದಕ್ಕೆ ದುಡ್ಡು ಕೊಡುವುದು ಗೆದ್ದವರೊಬ್ಬರೇ. ಇಲ್ಲಿ ಸೋತವರ ಕೂಗಿಗೂ ದುಡ್ಡು ಹೋಗುತ್ತದೆ. ಅದಕ್ಕೇ ಇಲ್ಲಿ ಕೂಗಿಗೆ ಅಳತೆ ಬೇಕು.

ಇದಕ್ಕಿಂತ ಹೆಚ್ಚು ಜಗಳ ತರುವುದು ಕನ್ನಡದ ಒಂದು ಪ್ರತ್ಯಯ. ‘ಇಪ್ಪತ್ತು ಏರಿಸಿದೆ’ ಬೇರೆ, ‘ಇಪ್ಪತ್ತಕ್ಕೆ ಏರಿಸಿದೆ’ ಬೇರೆ. ಮುಂದೆ 10ರ ಬೆಟ್ ಇದ್ದರೆ ಮೊದಲ ಮಾತಿಗೆ ಒಟ್ಟು 30 ಬೀಜ, ಎರಡನೆಯದಕ್ಕೆ 20. ‘ಕ್ಕೆ’ ಹಚ್ಚಿ, ಒಟ್ಟು ಮೊತ್ತವನ್ನೇ ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ನನ್ನ ಹತ್ತಿರ 30 ಬೀಜ ಉಳಿದಿತ್ತು. ಎದುರಿಗೆ ಬಾವ 80, ಷಡ್ಡಕ 150 ಇಟ್ಟುಬಿಟ್ಟರು. ‘ಅಷ್ಟು ಇಲ್ಲದಿದ್ದರೆ ಎಲೆ ಬಿಡು’ ಅಂದರು, ಬಿಟ್ಟೆ. ಆಮೇಲೆ ನೋಡಿದರೆ ನನ್ನದೇ ದೊಡ್ಡ ಎಲೆ. ಇದು ನ್ಯಾಯವೇ?
— ಓದುಗರು, ನಂಜನಗೂಡು

ಅಲ್ಲ. ಬೀಜ ಸಾಲದೆಂಬ ಕಾರಣಕ್ಕೆ ಯಾರನ್ನೂ ಆಟದಿಂದ ಎಬ್ಬಿಸುವಂತಿಲ್ಲ. ಇರುವುದನ್ನೆಲ್ಲ ಮುಂದೂಡಿ ‘ಆಲ್ ಇನ್’ ಅನ್ನಬಹುದಿತ್ತು. ಜೇಬಿಗೆ ಕೈಹಾಕಿ ಹೊಸದಾಗಿ ತೆಗೆಯುವುದೂ ಇಲ್ಲ. ಆಟದ ನಡುವೆ ಮೇಜಿನ ಮೇಲೆ ಇರುವುದಷ್ಟೇ ಲೆಕ್ಕ.

ಆಗ ರಾಶಿಯನ್ನು ಒಡೆಯಬೇಕು. ಎಲ್ಲರಿಗಿಂತ ಕಡಿಮೆ ಇಟ್ಟವರಿಂದ ಶುರು ಮಾಡಿ. ನಿಮ್ಮ 30, ಬಾವನಿಂದ 30, ಷಡ್ಡಕನಿಂದ 30 ಸೇರಿ ಮೊದಲ ರಾಶಿ 90. ಇದಕ್ಕೆ ಮೂವರೂ ಹಕ್ಕುದಾರರು. ಬಾವನ ಹತ್ತಿರ ಉಳಿದದ್ದು 50. ಅಷ್ಟನ್ನೇ ಷಡ್ಡಕನಿಂದಲೂ ತೆಗೆದು ಪಕ್ಕದಲ್ಲಿ 100ರ ಎರಡನೆಯ ರಾಶಿ ಮಾಡಿ. ಇದರ ಮೇಲೆ ಅವರಿಬ್ಬರಿಗೆ ಮಾತ್ರ ಹಕ್ಕು. ಷಡ್ಡಕನ ಉಳಿದ 70ಕ್ಕೆ ಜೋಡಿಯಿಲ್ಲ, ಅವರಿಗೇ ವಾಪಸ್. ಕೂಡಿಸಿ ನೋಡಿ: 90, 100, 70, ಒಟ್ಟು 260. ಇಟ್ಟದ್ದೂ ಅಷ್ಟೇ. ಮೊದಲಿನ ಸುತ್ತುಗಳಲ್ಲಿ ಸೇರಿದ್ದ ಬೀಜವಿದ್ದರೆ ಅದು ಮೊದಲ ರಾಶಿಗೇ ಹೋಗುತ್ತದೆ.

ಎಲೆ ತೋರಿಸುವಾಗ ಪಕ್ಕದ ರಾಶಿಯನ್ನು ಮೊದಲು ತೀರ್ಮಾನಿಸಿ, ಆಮೇಲೆ ಮೊದಲ ರಾಶಿ. ನಿಮ್ಮದೇ ದೊಡ್ಡ ಎಲೆಯಾಗಿದ್ದರೆ 90 ನಿಮಗೆ, 100 ಅವರಿಬ್ಬರಲ್ಲಿ ಗೆದ್ದವರಿಗೆ. ಆಲ್ ಇನ್ ಆದವರು ಮುಂದಿನ ಸುತ್ತುಗಳಲ್ಲಿ ಮಾತಾಡುವುದಿಲ್ಲ, ಆದರೆ ಅವರ ಎಲೆ ಕೊನೆಯವರೆಗೂ ಜೀವಂತ.

ಇದರ ಬಾಲಕ್ಕೆ ಕಟ್ಟಿಕೊಂಡ ಇನ್ನೊಂದು ಗಂಟು ಇದೆ. ಅಣ್ಣ 20 ಕಟ್ಟುತ್ತಾರೆ, ಬಾವ ತಮ್ಮಲ್ಲಿದ್ದ 28 ಪೂರ್ತಿ ಇಟ್ಟು ಆಲ್ ಇನ್, ಚಿಕ್ಕಪ್ಪ 28 ಹಾಕಿ ಕಾಲ್. ಸರದಿ ಮತ್ತೆ ಅಣ್ಣನಿಗೆ, ಬಾಕಿ 8. ಅಣ್ಣ ಈಗ ಏರಿಸಬಹುದೇ? ಇಲ್ಲ. ಬಾವ ಏರಿಸಿದ್ದು ಬರೀ 8. ಪೂರ್ತಿ ರೈಸ್ ಆಗಬೇಕಿದ್ದರೆ 20 ಏರಬೇಕಿತ್ತು. ಅರೆಬರೆ ಆಲ್ ಇನ್‌ನಿಂದ ಆಗಲೇ ಮಾತಾಡಿದವರಿಗೆ ಏರಿಸುವ ಹಕ್ಕು ಮರಳಿ ಬರುವುದಿಲ್ಲ. ಅಣ್ಣ 8 ಹಾಕಬಹುದು, ಇಲ್ಲವೇ ಬಿಡಬಹುದು. ಆದರೆ ಚಿಕ್ಕಪ್ಪನಿಗೆ ಅದೇ ಮೊದಲ ಮಾತಾಗಿದ್ದರಿಂದ, ಅವರು ಕಾಲ್ ಬದಲು 48 ಅಥವಾ ಮೇಲಕ್ಕೆ ಏರಿಸಲು ಅಡ್ಡಿಯಿರಲಿಲ್ಲ.

10ರ ಬೆಟ್ ಮುಂದೆ ಇತ್ತು. ನಮ್ಮ ಸೋದರಮಾವ ತುಟಿಪಿಟಕ್ಕೆನ್ನದೆ 25ರ ಬಿಲ್ಲೆ ಒಂದನ್ನು ಎಸೆದರು. ಎಲ್ಲರೂ ಕಾಲ್ ಅಂದುಕೊಂಡರೆ, ‘ನಾನು ಏರಿಸಿದ್ದು’ ಅಂತ ಪಟ್ಟು. ಊಟದ ಹೊತ್ತಿನವರೆಗೂ ಮಾತಿಗೆ ಮಾತು ಬೆಳೆಯಿತು. ಯಾರದು ಸರಿ?
— ಓದುಗರು, ವಿಜಯನಗರ, ಮೈಸೂರು

ಮಾವನದು ತಪ್ಪು. ಬಾಕಿ ಇರುವಾಗ ಬಾಯಲ್ಲಿ ಏನೂ ಹೇಳದೆ ಒಂದೇ ಬಿಲ್ಲೆ ಹಾಕಿದರೆ, ಅದರ ಬೆಲೆ ಎಷ್ಟೇ ಇರಲಿ, ಅದು ಕಾಲ್. ಚಿಲ್ಲರೆ 15 ವಾಪಸ್ ಕೊಡಿ. ಬಸ್ಸಿನಲ್ಲಿ ಹತ್ತು ರೂಪಾಯಿ ಟಿಕೆಟ್‌ಗೆ ನೂರರ ನೋಟು ಕೊಟ್ಟರೆ ಕಂಡಕ್ಟರ್ ಹತ್ತು ಟಿಕೆಟ್ ಹರಿದುಕೊಡುವುದಿಲ್ಲವಲ್ಲ. ಏರಿಸುವುದಿದ್ದರೆ ಬಿಲ್ಲೆ ಮೇಜು ಮುಟ್ಟುವ ಮೊದಲೇ ಬಾಯಲ್ಲಿ ‘ರೈಸ್’ ಅನ್ನಬೇಕು.

ಮೌನವಾಗಿ ಹಲವು ಬಿಲ್ಲೆ ಹಾಕಿದರೆ ಬೇರೆ ಲೆಕ್ಕ. ಅದೇ 10ರ ಬೆಟ್‌ಗೆ ಯಾರೋ ಒಟ್ಟು 16 ಹಾಕಿದರೆನ್ನಿ. ಕನಿಷ್ಠ ರೈಸ್ 20ಕ್ಕೆ, ಅಂದರೆ 10 ಏರಬೇಕು. ಅವರು ಏರಿಸಿದ್ದು 6, ಅರ್ಧಕ್ಕಿಂತ ಹೆಚ್ಚು. ದೊಡ್ಡ ಪಂದ್ಯಾವಳಿಗಳ ನಿಯಮದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಏರಿಸಿದ್ದರೆ ಉಳಿದದ್ದನ್ನೂ ಹಾಕಿ ರೈಸ್ ಪೂರ್ತಿ ಮಾಡಲೇಬೇಕು: ಇನ್ನೂ 4 ಹಾಕಿಸಿ. 13 ಮಾತ್ರ ಹಾಕಿದ್ದರೆ ಅರ್ಧ ಮುಟ್ಟಿಲ್ಲ, 3 ವಾಪಸ್, ಬರೀ ಕಾಲ್.

ಇನ್ನು ಕಂತಿನಲ್ಲಿ ಕಟ್ಟುವುದು. ‘ನಿಂದು ಹತ್ತು ಆಯ್ತು ಕಣಪ್ಪ…’ ಅಂತ 10 ಇಟ್ಟು, ಎದುರಿನವರ ಮುಖ ನೋಡಿ, ‘…ಅದ್ರ ಮ್ಯಾಲೆ ಇಪ್ಪತ್ತು’ ಅಂತ ಮತ್ತೆ ಕೈಹಾಕುವುದು. ಸಿನಿಮಾದಲ್ಲಿ ನೋಡಲು ಚೆನ್ನ, ಮೇಜಿನ ಮೇಲೆ ನಡೆಯುವುದಿಲ್ಲ. ಮೊದಲ ಕಂತು ಬಿದ್ದಾಗಲೇ ಅದು ಕಾಲ್ ಆಯಿತು. ಮೊದಲ ಕಂತಿಗೆ ಎದುರಿನವರ ಮುಖ ಅರಳಿತೋ ಬಾಡಿತೋ ನೋಡಿಕೊಂಡು ಎರಡನೆಯದನ್ನು ತೀರ್ಮಾನಿಸುವ ಜಾಣತನಕ್ಕೆ ಕಡಿವಾಣ ಇದು.

ಬಾಯಿಮಾತಿಗೆ ಬೆಲೆ ಇದೆ ಅನ್ನುವುದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಸರದಿಯಲ್ಲಿ ‘ಕಾಲ್’ ಅಂದಮೇಲೆ ‘ತಡೀರಿ, ಬಿಡ್ತೀನಿ’ ಅನ್ನುವಂತಿಲ್ಲ. ಸರದಿಗೆ ಮುಂಚೆಯೇ ಎಲೆ ಎಸೆಯುವುದೂ ಸಣ್ಣ ತಪ್ಪಲ್ಲ. ನಿಮಗಿಂತ ಮುಂಚೆ ಮಾತಾಡಬೇಕಾದವರಿಗೆ ಒಬ್ಬ ಎದುರಾಳಿ ಕಡಿಮೆಯಾದ ಸುದ್ದಿಯನ್ನು ಪುಕ್ಕಟೆ ಕೊಟ್ಟಂತೆ. ಬೀಜವನ್ನು ರಾಶಿಯ ಮೇಲೆ ನೇರ ಸುರಿಯಬೇಡಿ, ನಿಮ್ಮ ಮುಂದೆಯೇ ಇಡಿ. ಸುತ್ತು ಮುಗಿದ ಮೇಲೆ ಹಂಚುವವರು ಎಣಿಸಿ ನಡುವೆ ತಳ್ಳಲಿ. ಒಮ್ಮೆ ಬೆರೆತುಹೋದರೆ ಯಾರ ಬಾಕಿ ಎಷ್ಟು ಅನ್ನುವುದನ್ನು ಚಾಮುಂಡಿಯೇ ಬಂದು ಹೇಳಬೇಕು.

ನಿಯಮ ಗೊತ್ತು. ಆದರೆ ಎಷ್ಟು ಕಟ್ಟಬೇಕು, ಎಷ್ಟಕ್ಕೆ ಕಾಲ್ ಮಾಡಬೇಕು ಅನ್ನುವುದಕ್ಕೆ ಲೆಕ್ಕ ಇದೆಯೇ ಅಥವಾ ಎಲ್ಲ ಗುಂಡಿಗೆ ಗಟ್ಟಿಯಿದ್ದವರ ಆಟವೇ?
— ಓದುಗರು, ಮಳವಳ್ಳಿ

ಲೆಕ್ಕ ಇದೆ, ಐದನೆಯ ಕ್ಲಾಸಿನ ಗಣಿತ ಸಾಕು.

ರಾಶಿಯಲ್ಲಿ 30 ಇದೆ, ಎದುರಿನವರು 15 ಕಟ್ಟಿದರು. ನಿಮ್ಮ ಬಾಕಿ 15. ನೀವು ಹಾಕಿದರೆ ರಾಶಿ ಒಟ್ಟು 60. ಆ 60ರಲ್ಲಿ ನಿಮ್ಮ ಹೊಸ ಪಾಲು 15, ಅಂದರೆ ಶೇ 25. ನೂರು ಸಲ ಇದೇ ಪರಿಸ್ಥಿತಿ ಬಂದರೆ 25 ಸಲಕ್ಕಿಂತ ಹೆಚ್ಚು ಗೆಲ್ಲುವ ಹಾಗಿದ್ದರೆ ಕಾಲ್ ಲಾಭ, ಕಡಿಮೆಯಾದರೆ ನಷ್ಟ. ರಾಶಿಯ ಮೂರನೇ ಒಂದರಷ್ಟು ಕಟ್ಟಿದರೆ ಶೇ 20 ಬೇಕು, ಅರ್ಧ ಕಟ್ಟಿದರೆ 25, ರಾಶಿಯಷ್ಟೇ ಕಟ್ಟಿದರೆ 33. ಈ ಮೂರು ಅಂಕಿ ನೆನಪಿದ್ದರೆ ಮನೆಯಾಟಕ್ಕೆ ಸಾಕು.

ಗೆಲ್ಲುವ ಸಂಭವ ಎಷ್ಟು? ಕೈಯಲ್ಲಿ ಎರಡು ಆಟಿನ್, ಫ್ಲಾಪ್‌ನಲ್ಲಿ ಎರಡು ಆಟಿನ್. ಇನ್ನೊಂದು ಬಂದರೆ ಐದೂ ಆಟಿನ್ ಆಗಿ ಫ್ಲಶ್. ಹದಿಮೂರರಲ್ಲಿ ನಾಲ್ಕು ಕಂಡಿವೆ, ಉಳಿದದ್ದು 9. ನೀವು ನೋಡಿರದ ಎಲೆ 52ರಲ್ಲಿ 5 ಕಳೆದು 47. ಮುಂದಿನ ಎಲೆಯೇ ಆಟಿನ್ ಆಗುವ ಸಂಭವ 47ರಲ್ಲಿ 9, ಸುಮಾರು ಶೇ 19. ಟರ್ನ್, ರಿವರ್ ಎರಡನ್ನೂ ಸೇರಿಸಿದರೆ ಶೇ 35. ಎರಡೂ ಕಡೆ ತೆರೆದ ಸೀಕ್ವೆನ್ಸ್‌ಗೆ ಬೇಕಾದ ಎಲೆ 8. ನಡುವೆ ಒಂದು ಬಿಟ್ಟುಹೋದ ಸೀಕ್ವೆನ್ಸ್‌ಗೆ ನಾಲ್ಕೇ. ಬಾಯಿಲೆಕ್ಕ ಹೀಗೆ: ಬೇಕಾದ ಎಲೆಗಳನ್ನು ಒಂದು ಎಲೆ ಬರುವುದಿದ್ದರೆ 2ರಿಂದ, ಎರಡು ಬರುವುದಿದ್ದರೆ 4ರಿಂದ ಗುಣಿಸಿ. 9ಕ್ಕೆ 18 ಮತ್ತು 36. ಸರಿಸುಮಾರು ಸರಿ.

ಈಗ ಜೋಡಿಸಿ. 30ರ ರಾಶಿಗೆ 15 ಕಟ್ಟಿದರು, ನಿಮಗೆ ಬೇಕಾದ್ದು ಶೇ 25, ಮುಂದಿನ ಎಲೆಗೆ ನಿಮ್ಮಲ್ಲಿರುವುದು ಶೇ 19. ಆ ಒಂದು ಎಲೆಯ ಲೆಕ್ಕದಲ್ಲಿ ಕಾಲ್ ದುಬಾರಿ. ಅದೇ 15 ಅವರ ಕೊನೆಯ ಬೀಜವಾಗಿದ್ದು ಆಲ್ ಇನ್ ಆಗಿದ್ದರೆ, ನೀವು ಇನ್ನೇನೂ ಹಾಕದೆ ಎರಡೂ ಎಲೆ ನೋಡುತ್ತೀರಿ. ಶೇ 35, ಕಣ್ಣುಮುಚ್ಚಿ ಹಾಕಿ. 4ರಿಂದ ಗುಣಿಸುವ ಲೆಕ್ಕವನ್ನು ಆಲ್ ಇನ್ ಇಲ್ಲದ ಕಡೆಯೂ ಬಳಸಿ, ಟರ್ನ್‌ನಲ್ಲಿ ಮತ್ತೊಂದು ಬೆಟ್ ಬಂದಾಗ ಕಣ್ಣು ಬಿಡುವುದು ಅರ್ಧಂಬರ್ಧ ಕಲಿತವರ ಪಾಡು.

ಕಟ್ಟುವವರಿಗೂ ಇದೇ ಲೆಕ್ಕ, ಆಚೆ ಬದಿಯಿಂದ. ನಿಮ್ಮಲ್ಲಿ ಎರಡು ಎಕ್ಕ ಇವೆ, ರಾಶಿ 39, ನೀವು ಹೆದರಿ 2 ಕಟ್ಟಿದಿರಿ. ಎದುರಿನವರಿಗೆ ಬೇಕಾದ್ದು 43ರಲ್ಲಿ 2, ಶೇ 5ಕ್ಕೂ ಕಡಿಮೆ. ನಾಲ್ಕೇ ಎಲೆ ಕಾಯುತ್ತಿರುವವರೂ ಒಳಗೆ ಬರಲು ನೀವೇ ಬಾಗಿಲು ತೆರೆದಂತಾಯಿತು. ಅರ್ಧದಿಂದ ಮುಕ್ಕಾಲು ರಾಶಿ, ಅಂದರೆ 20ರಿಂದ 30 ಕಟ್ಟಿ. ಅವರು ತಪ್ಪು ಬೆಲೆ ತೆತ್ತು ಬರಲಿ, ಇಲ್ಲವೇ ಹೋಗಲಿ.

‘ಇಷ್ಟು ಹಾಕಿದ್ದೀನಲ್ಲ, ಈಗ ಹೇಗೆ ಬಿಡಲಿ?’ ಅನ್ನುವ ಮಾತು ಲೆಕ್ಕದಲ್ಲಿ ಎಲ್ಲೂ ಇಲ್ಲ. ಹಾಕಿದ್ದು ರಾಶಿಯದು. ನಿಮ್ಮದೆಂದು ಉಳಿದಿರುವುದು ಇನ್ನೂ ಹಾಕದ ಬೀಜ ಮಾತ್ರ.

ನೋ ಲಿಮಿಟ್, ಪಾಟ್ ಲಿಮಿಟ್ ಅನ್ನುತ್ತಾರೆ. ವ್ಯತ್ಯಾಸ ಏನು?
— ಓದುಗರು, ಹುಣಸೂರು

ಕನಿಷ್ಠದ ನಿಯಮ ಎರಡಕ್ಕೂ ಒಂದೇ, ಗರಿಷ್ಠ ಬೇರೆ. ನೋ ಲಿಮಿಟ್‌ನಲ್ಲಿ ಮುಂದಿರುವುದನ್ನೆಲ್ಲ ಯಾವಾಗ ಬೇಕಾದರೂ ಕಟ್ಟಬಹುದು. ಪಾಟ್ ಲಿಮಿಟ್‌ನಲ್ಲಿ ರಾಶಿಯಷ್ಟೇ. ಏರಿಸುವಾಗ ಮೊದಲು ಬಾಕಿ ತೀರಿಸಿದಂತೆ ಲೆಕ್ಕ ಹಾಕಿ, ಆಗ ರಾಶಿ ಎಷ್ಟಾಗುತ್ತದೋ ಅಷ್ಟು ಏರಿಸಬಹುದು. ರಾಶಿ 39, ಎದುರಿನ ಬೆಟ್ 20. ನಿಮ್ಮ 20 ಸೇರಿದರೆ 79. ಹಾಗಾಗಿ ಇನ್ನೂ 79, ಒಟ್ಟು 99ಕ್ಕೆ ಏರಿಸಬಹುದು. ಸುಲಭದ ದಾರಿ: ಎದುರಿನ ಬೆಟ್‌ನ ಮೂರರಷ್ಟಕ್ಕೆ ಹಳೆಯ ರಾಶಿ ಕೂಡಿಸಿ. ಫಿಕ್ಸೆಡ್ ಲಿಮಿಟ್ ಎಂಬ ಮೂರನೆಯದೂ ಇದೆ. ಮೊದಲೆರಡು ಸುತ್ತಿನಲ್ಲಿ ಎರಡೆರಡೇ, ಕೊನೆಯೆರಡರಲ್ಲಿ ನಾಲ್ಕು ನಾಲ್ಕೇ ಕಟ್ಟಬೇಕು, ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದು ಬೆಟ್, ಮೂರು ರೈಸ್‌ಗೆ ನಿಲ್ಲಿಸಬೇಕು. ಕಲಿಯುವವರಿಗೆ ಇದೇ ವಾಸಿ. ತಪ್ಪಿದರೂ ಒಂದೇ ಏಟಿಗೆ ಖಾಲಿಯಾಗುವುದಿಲ್ಲ.

ಮೊದಲು ಚೆಕ್ ಅಂದು, ಬೇರೆಯವರು ಕಟ್ಟಿದ ಮೇಲೆ ಏರಿಸುವುದು ಮೋಸ ಅಲ್ಲವೇ?
— ಓದುಗರು, ಶ್ರೀರಂಗಪಟ್ಟಣ

ಮೋಸವಲ್ಲ. ಚೆಕ್ ಅಂದರೆ ‘ನನ್ನ ಎಲೆ ಚೆನ್ನಾಗಿಲ್ಲ’ ಅನ್ನುವ ಪ್ರಮಾಣವಲ್ಲ, ‘ಈಗ ಹಾಕುವುದಿಲ್ಲ’ ಅಂತಷ್ಟೇ. ಅಪಾಯವಿರುವುದು ಮಾಡುವವರಿಗೇ: ಆಮೇಲೆ ಮಾತಾಡುವವರೂ ಚೆಕ್ ಅಂದುಬಿಟ್ಟರೆ ದೊಡ್ಡ ಎಲೆ ಹಿಡಿದು ಒಂದು ಬೀಜವೂ ಸಿಗದೆ ಕೂರಬೇಕು.

ಹಬ್ಬದಲ್ಲಿ ಆಡಿದರೆ ಪೊಲೀಸರ ಭಯ ಇದೆಯೇ? ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವುದಕ್ಕೆ? ದುಡ್ಡಿಲ್ಲದೆ ಆಡಿದರೆ ಆಟಕ್ಕೆ ರುಚಿ ಇರುತ್ತದೆಯೇ?
— ಓದುಗರು, ತಿ. ನರಸೀಪುರ

1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಅಪರಾಧವೆನ್ನುತ್ತದೆ, ಬರೀ ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. 2021ರ ತಿದ್ದುಪಡಿ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಆಟಗಳನ್ನು ನಿಷೇಧಿಸಿತ್ತು. ಅದರ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಆಮೇಲೆ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಒದಗಿಸುವುದನ್ನು ಅದು ನಿಷೇಧಿಸುತ್ತದೆ; ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಮನೆಯಲ್ಲಾದರೂ ದುಡ್ಡು ಮಧ್ಯೆ ಬಂದರೆ ಅದು ಕೌಶಲವೋ ಜೂಜೋ ಎಂಬ ವಾದ ಠಾಣೆಯ ಬೆಂಚಿನ ಮೇಲೆ ನಡೆಯಬೇಕಾದೀತು. ಬೀಜದಲ್ಲಿ ಆಡಿ.

ರುಚಿ ಇರಬೇಕಾದರೆ ಬೀಜಕ್ಕೆ ಬೆಲೆ ಇರಬೇಕು, ಅಂದರೆ ಮಿತಿ ಇರಬೇಕು. ಡಬ್ಬಿಯಿಂದ ಕೇಳಿದಷ್ಟು ತೆಗೆದುಕೊಡುತ್ತಿದ್ದರೆ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರೆ, ಆಟ ಸಪ್ಪೆ. ಚೌಕಾಬಾರದ ಕವಡೆ, ಕೇರಂನ ಬಿಲ್ಲೆ ಮನೆಯಲ್ಲಿದ್ದರೆ ಹೀಗೆ ಮಾಡಿ: ಹುಣಸೆಬೀಜ 1, ಕವಡೆ 5, ಕೇರಂ ಬಿಲ್ಲೆ 25. ಒಬ್ಬೊಬ್ಬರಿಗೆ 2 ಬಿಲ್ಲೆ, 6 ಕವಡೆ, 20 ಬೀಜ, ಒಟ್ಟು 100. ಆರು ಜನಕ್ಕೆ 12 ಬಿಲ್ಲೆ, 36 ಕವಡೆ, 120 ಬೀಜ. ಒಂದು ಕೇರಂ ಸೆಟ್ಟಿನ 19ರಲ್ಲಿ ಬಿಲ್ಲೆ ಸಾಕಾಗುತ್ತದೆ. ಬ್ಲೈಂಡ್ 1 ಮತ್ತು 2. ಬೇಗ ಮುಗಿಯಬೇಕಿದ್ದರೆ ಅರ್ಧ ಗಂಟೆಗೊಮ್ಮೆ ಬ್ಲೈಂಡ್ ಎರಡರಷ್ಟು ಮಾಡಿ. 100 ಮುಗಿದವರು ಎದ್ದು ಕಾಫಿ ಕಾಸಲಿ. ಬೀಜ ತೊಳೆದು ಒಣಗಿಸಿದ್ದೇ ಇರಲಿ, ಹುಳಿ ಅಂಟಿದ್ದರೆ ಎಲೆಗಳೆಲ್ಲ ಅಂಟಂಟು.

ಕೊನೆಗೆ ಇಬ್ಬರೇ ಉಳಿದಾಗ ಬ್ಲೈಂಡ್ ಯಾರು ಇಡಬೇಕು? ರಿವರ್ ಆದ ಮೇಲೆ ಯಾರು ಮೊದಲು ಎಲೆ ತೋರಿಸಬೇಕು? ‘ನೀನು ತೋರ್ಸು, ನೀನು ತೋರ್ಸು’ ಅಂತ ಹತ್ತು ನಿಮಿಷ ಹೋಗುತ್ತದೆ.
— ಓದುಗರು, ಕೆ.ಆರ್. ಪೇಟೆ

ಇಬ್ಬರೇ ಇದ್ದಾಗ ಎಲೆ ಹಂಚುವ ಜಾಗದವರೇ ಸಣ್ಣ ಬ್ಲೈಂಡ್, ಎದುರಿನವರು ದೊಡ್ಡದು. ಮೊದಲ ಸುತ್ತಿನಲ್ಲಿ ಹಂಚುವವರು ಮೊದಲು ಮಾತಾಡುತ್ತಾರೆ, ಫ್ಲಾಪ್‌ನಿಂದ ಮುಂದೆ ಕೊನೆಗೆ.

ತೋರಿಸುವ ಸರದಿಗೂ ಬಾಕಿಯೇ ದಾರಿ. ಕೊನೆಯ ಸುತ್ತಿನಲ್ಲಿ ಯಾರು ಕೊನೆಗೆ ಕಟ್ಟಿದರೋ ಅಥವಾ ಏರಿಸಿದರೋ, ಅಂದರೆ ಯಾರು ಉಳಿದವರನ್ನು ಬಾಕಿಗೆ ಬೀಳಿಸಿದರೋ, ಅವರೇ ಮೊದಲು ತೋರಿಸಬೇಕು. ಅವರದನ್ನು ನೋಡಲು ಇನ್ನೊಬ್ಬರು ಬೀಜ ಕೊಟ್ಟಿದ್ದಾರೆ. ರಿವರ್‌ನಲ್ಲಿ ಎಲ್ಲರೂ ಚೆಕ್ ಅಂದಿದ್ದರೆ ಹಂಚುವವರ ಎಡಗಡೆಯಿಂದ ಶುರು. ಗೆದ್ದವರು ಎರಡೂ ಎಲೆಯನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಡಬೇಕು. ಒಂದನ್ನು ತೋರಿಸಿ ‘ಇನ್ನೊಂದು ರಾಣಿ ಕಣೋ, ನಂಬು’ ಅನ್ನುವುದು ನಡೆಯುವುದಿಲ್ಲ. ರಾಶಿ ನಿಮ್ಮ ಕಡೆ ಬರುವ ತನಕ ಎಲೆಯನ್ನು ಕೈಬಿಡಬೇಡಿ. ಬೇರೆಯವರು ‘ನಂದು ಫ್ಲಶ್’ ಅಂದ ಮಾತು ಕೇಳಿಯೇ ಎಲೆ ಎಸೆದವರಿದ್ದಾರೆ. ಬಿಡಿಸಿ ನೋಡಿದರೆ ನಾಲ್ಕು ಆಟಿನ್, ಒಂದು ಡೈಮಂಡ್. ಎಸೆದ ಎಲೆ ಕಟ್ಟಿನಲ್ಲಿ ಬೆರೆತ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.